ಕುಂದಾ

ಈ ಸಲ ನಾಗರ ಪಂಚಮಿಗೆ ಬೈಲಹೊಂಗಲದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹಬ್ಬದ ಮರುದಿನ ಬೆಳಿಗ್ಗೆ ಅಪ್ಪ ಕಟ್ಟೆಯ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ಕೆಲವೇ ಸೆಕೆಂಡಿನ ವಿಡಿಯೊ. ಮುಗಿದ ಕೂಡಲೇ ಬೆರಳಿನಿಂದ ಹಿಂದಕ್ಕೆ ಎಳೆದು ಮತ್ತೆ ನೋಡುವರು. ಅವ್ವ ಒಳಗಿನಿಂದ ಎರಡು ಸಲ ಚಹಾ ಆರ್ತದ ಅಂದಳು. ಅಪ್ಪನಿಗೆ ಎಡಗಿವಿ ಕೇಳಿಸುವುದಿಲ್ಲ. ಆದರೆ ಅವತ್ತು ಬಲಗಿವಿಯೂ ಅಲ್ಲಿರಲಿಲ್ಲ ಅನ್ನಿಸಿತು.

ನಾನು ಹೋಗಿ ಪಕ್ಕದಲ್ಲಿ ಕೂತೆ. ಕೊಲಂಬೊದ ವಿಡಿಯೊ ಅದು. 1987ರ ಜುಲೈ 30. ಬಿಳಿ ಸಮವಸ್ತ್ರದ ನೌಕಾಪಡೆಯವರು ಸಾಲಾಗಿ ನಿಂತಿದ್ದಾರೆ. ರಾಜೀವ್ ಗಾಂಧಿ ಅವರ ಮುಂದೆ ನಡೆದುಕೊಂಡು ಹೋಗುತ್ತಾರೆ. ಸಾಲಿನಲ್ಲಿದ್ದ ಒಬ್ಬ ಹುಡುಗ ಬಂದೂಕು ತಿರುಗಿಸಿ ಹಿಡಿದು ಬೀಸುತ್ತಾನೆ.

ಅಪ್ಪ ಅಲ್ಲಿಗೆ ನಿಲ್ಲಿಸಿದರು.

"ನೋಡ ಯವ್ವಾ. ಎದುರಿಗೆ ಬಂದಾಗ ಹೊಡದಿಲ್ಲ. ದಾಟಿ ಹೋಗೂಮಟ ಕಾದಾನ. ಆಮ್ಯಾಲ ಕುಂದಾ ಬೀಸ್ಯಾನ."

ಕುಂದಾ ಅಂದರೆ ಬಂದೂಕಿನ ಹಿಂಬದಿಯ ಮರದ ಭಾಗ, ಹೆಗಲಿಗೆ ಆನಿಸಿಕೊಳ್ಳುವುದು. ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿದ್ದವರು. ಪಲ್ಟನ್ನಿನ ಹಿಂದಿ ಮಾತು ಇವತ್ತಿಗೂ ಅವರ ಬಾಯಲ್ಲಿ ಹಾಗೇ ಉಳಿದಿದೆ. ನನಗೆ ಚಿಕ್ಕವಳಿದ್ದಾಗ ಕುಂದಾ ಅಂದರೆ ಬೆಳಗಾವಿಯ ಕುಂದಾ ಒಂದೇ. ಅಪ್ಪ ರಜೆಗೆ ಬರುವಾಗ ಬೆಳಗಾವಿ ಸ್ಟ್ಯಾಂಡಿನಲ್ಲಿ ಇಳಿದು ಒಂದು ಡಬ್ಬಿ ಕುಂದಾ ಕಟ್ಟಿಸಿಕೊಂಡೇ ಊರಿನ ಬಸ್ಸು ಹತ್ತುತ್ತಿದ್ದರು. 1988ರಲ್ಲಿ ಶ್ರೀಲಂಕಾದಿಂದ ಮೊದಲ ಸಲ ರಜೆಗೆ ಬಂದಾಗ ಕೈಯಲ್ಲಿ ಡಬ್ಬಿ ಇರಲಿಲ್ಲ. ಅವತ್ತು ಪಡಸಾಲೆಯಲ್ಲಿ ಕೂತ ಗಂಡಸರ ಮುಂದೆ "ಕುಂದಾದಿಂದ ಹೊಡದ" ಅಂತ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಸಿಹಿಯಿಂದ ಯಾರಾದರೂ ಯಾಕೆ ಹೊಡೆಯುತ್ತಾರೆ ಅಂತ ಎಷ್ಟೋ ದಿನ ನನಗೆ ಅರ್ಥವಾಗಲಿಲ್ಲ.

ಆ ಹೊಡೆತದ ಸುದ್ದಿ ನಮ್ಮ ಮನೆಗೆ ಬಂದದ್ದೂ ಪಂಚಮಿಯ ದಿನಗಳಲ್ಲೇ. ನನಗೆ ಆಗ ಒಂಬತ್ತು ವರ್ಷ. ಅತ್ತಿ ತವರಿಗೆ ಬಂದಿದ್ದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಅಜ್ಜಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬ ತುಂಬಿದ್ದಳು. ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ. ಅಣ್ಣ ಕರೆಯಲು ಬರಲಿಲ್ಲ ಅಂತ ಅತ್ತಿ ಬೇಜಾರಾಗಿದ್ದಳು. ಹುಬ್ಬಳ್ಳಿಯಿಂದ ಬರುವ ಪೇಪರು ನಮ್ಮೂರಿಗೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಕಾಕಾ ಅದನ್ನು ಹಿಡಿದುಕೊಂಡು ಓಡುತ್ತಾ ಬಂದ. ಮೊದಲ ಪುಟದಲ್ಲಿ ಆ ಫೋಟೊ. ಮೇಲೆತ್ತಿದ ಬಂದೂಕು, ತಲೆ ತಗ್ಗಿಸಿದ ಪ್ರಧಾನಿ.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಫೋಟೊವನ್ನು ತುಂಬಾ ಹೊತ್ತು ನೋಡಿದಳು. "ಮನಿಗೆ ಕರದು ಹೊಡಿತಾರ? ಎಂಥಾ ಮಂದಿ ಇದು?" ಅಂದಳು. ಅಷ್ಟೊತ್ತಿಗೆ ಅಪ್ಪನ ಪಲ್ಟನ್ ಅದೇ ದೇಶದ ಕಡೆ ಹೊರಟಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಎರಡು ವಾರ ಕಳೆದು ಕಾಗದ ಬಂದ ಮೇಲೆ. ವಿಳಾಸದಲ್ಲಿ 56 ಎಪಿಒ ಅಂತ ಸೈನ್ಯದ ಅಂಚೆಯ ನಂಬರು ಮಾತ್ರ ಇತ್ತು.

ನಾನು ದೊಡ್ಡವಳಾದ ಮೇಲೆ ಈ ವಿಷಯವನ್ನು ಸಿಕ್ಕ ಸಿಕ್ಕಲ್ಲಿ ಓದಿದೆ. ಅಪ್ಪನಿಗೆ ಏನಾಯಿತು ಅಂತ ತಿಳಿಯಬೇಕಿತ್ತು, ಅದಕ್ಕೆ. ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜೆ.ಆರ್. ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿನ ಸರ್ಕಾರಕ್ಕೂ ತಮಿಳು ಹೋರಾಟಗಾರರಿಗೂ ನಡೆದಿದ್ದ ಕದನ 48 ಗಂಟೆಯೊಳಗೆ ನಿಲ್ಲಬೇಕು. ಅದಾದ 72 ಗಂಟೆಯೊಳಗೆ ತಮಿಳು ಹೋರಾಟಗಾರರು ಆಯುಧ ಒಪ್ಪಿಸಬೇಕು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ಸದ್ಯಕ್ಕೆ ಒಂದು ಮಾಡಬೇಕು, ಆಮೇಲೆ ಪೂರ್ವದ ಜನರ ಮತ ಕೇಳಬೇಕು. ತಮಿಳಿಗೂ ಅಧಿಕೃತ ಭಾಷೆಯ ಸ್ಥಾನ ಸಿಗಬೇಕು. ಇದಕ್ಕೆಲ್ಲ ಭಾರತ ಹೊಣೆ.

ಅಪ್ಪ ಇದನ್ನೇ ಒಂದು ಮಾತಿನಲ್ಲಿ ಹೇಳುತ್ತಾರೆ. "ಜಗಳಾಡವ್ರು ಸಹಿ ಮಾಡ್ಲಿಲ್ಲ. ನಾವು ಜಾಮೀನು ನಿಂತ್ವಿ."

ನಮ್ಮ ಮನೆಯಲ್ಲಿ ಜಾಮೀನು ಅನ್ನುವ ಮಾತನ್ನು ಯಾರೂ ಸುಮ್ನೆ ಆಡುವುದಿಲ್ಲ. ನಮ್ಮಜ್ಜ ನೆಂಟರೊಬ್ಬರ ಸಾಲಕ್ಕೆ ಜಾಮೀನು ನಿಂತು ಎರಡು ಎಕರೆ ಎರೆಹೊಲ ಕಳೆದುಕೊಂಡವನು. ಸಾಲ ತಗೊಂಡವನು ತೀರಿಸಲಿಲ್ಲ. ಕೊಟ್ಟವರು ಬಿಡಲಿಲ್ಲ. ಕೊನೆಗೆ ಇಬ್ಬರೂ ಅಜ್ಜನ ಮೇಲೇ ಸಿಟ್ಟಾದರು. ಅಪ್ಪ ಪೌಜಿಗೆ ಸೇರಿದ್ದೇ ಆ ಹೊಲ ಹೋದ ಮೇಲೆ. ಆದ್ದರಿಂದ ಅವರು ಆ ಮಾತು ಹೇಳಿದಾಗ ನನಗೆ ಒಪ್ಪಂದದ ಪಠ್ಯಕ್ಕಿಂತ ಜಾಸ್ತಿ ಅರ್ಥವಾಯಿತು.

ಸಹಿ ಹಾಕದವರು ಯಾರು ನೋಡಿ. ತಮಿಳರಿಗೆ ಬೇರೆ ದೇಶ ಬೇಕು ಅಂತ ಹೋರಾಡುತ್ತಿದ್ದ ಎಲ್‌ಟಿಟಿಇ ಹಾಕಿರಲಿಲ್ಲ. ಅದರ ನಾಯಕ ಪ್ರಭಾಕರನ್‌ರನ್ನು ಒಪ್ಪಂದಕ್ಕೆ ಮೊದಲು ದೆಹಲಿಗೆ ಕರೆಸಿ ಅಶೋಕ ಹೋಟೆಲಿನಲ್ಲಿ ಇಟ್ಟಿದ್ದರು. ಮನಸ್ಸಿಲ್ಲದ ಮನಸ್ಸಿನಿಂದ ಅವರು ಉತ್ತರದ ತಮಿಳರ ಊರಾದ ಜಾಫ್ನಾಕ್ಕೆ ಮರಳಿದರು. ಆಗಸ್ಟ್ 4ರಂದು ಸುದುಮಲೈಯಲ್ಲಿ ಜನರ ಮುಂದೆ ನಿಂತು, ಆಯುಧ ಒಪ್ಪಿಸುತ್ತೇವೆ, ಇನ್ನು ನಮ್ಮ ಜನರನ್ನು ಕಾಯುವ ಹೊಣೆ ಭಾರತದ್ದು ಅನ್ನುವ ಅರ್ಥದಲ್ಲಿ ಮಾತಾಡಿದರು. ಇನ್ನೊಂದು ಕಡೆ, ಶ್ರೀಲಂಕಾದ ಸರ್ಕಾರದೊಳಗೇ ಒಡಕು. ಪ್ರಧಾನಿ ಪ್ರೇಮದಾಸ ಸಹಿಯ ಸಮಾರಂಭಕ್ಕೇ ಬರಲಿಲ್ಲ. ಭದ್ರತಾ ಸಚಿವ ಲಲಿತ್ ಅತುಲತ್‌ಮುದಲಿಗೂ ಒಪ್ಪಿಗೆ ಇರಲಿಲ್ಲ. ಕೊಲಂಬೊದಲ್ಲಿ ಕರ್ಫ್ಯೂ. ಬೀದಿಯಲ್ಲಿ ಬೆಂಕಿ, ಗೋಲಿಬಾರ್, ಹೆಣ.

ಆ ದೇಶದಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ಸಿಂಹಳೀಯರ ಸಿಟ್ಟು ಆಕಾಶದಿಂದ ಉದುರಿದ್ದಲ್ಲ. ಎರಡು ತಿಂಗಳ ಹಿಂದೆಯಷ್ಟೇ, ಜೂನ್ 3ರಂದು, ಪರಿಹಾರ ಸಾಮಗ್ರಿ ಹೊತ್ತು ಜಾಫ್ನಾಕ್ಕೆ ಹೊರಟ ಭಾರತದ ದೋಣಿಗಳನ್ನು ಶ್ರೀಲಂಕಾದ ನೌಕಾಪಡೆ ತಡೆದು ವಾಪಸ್ ಕಳಿಸಿತ್ತು. ಮರುದಿನವೇ ಭಾರತ ವಿಮಾನ ಕಳಿಸಿತು. ಐದು ಎಎನ್-32 ವಿಮಾನಗಳು, ಜೊತೆಗೆ ಕಾವಲಿಗೆ ಮಿರಾಜ್ ಯುದ್ಧ ವಿಮಾನಗಳು. ಜಾಫ್ನಾದ ಮೇಲೆ ಪ್ಯಾರಾಚೂಟಿನಲ್ಲಿ ಅಕ್ಕಿ ಬೇಳೆ ಇಳಿಸಿ ಬಂದವು. ಆ ಎಎನ್-32ಗಳು ಹಾರಿದ್ದು ನಮ್ಮ ಬೆಂಗಳೂರಿನಿಂದ. ನನಗೆ ಇದು ಗೊತ್ತಾದಾಗ ಬೆಂಗಳೂರಿಗೆ ಬಂದು ಹತ್ತು ವರ್ಷವಾಗಿತ್ತು. ಜಾಫ್ನಾದ ಜನಕ್ಕೆ ಅದು ಅನ್ನ. ಕೊಲಂಬೊದವರಿಗೆ ಅದು ದೊಡ್ಡ ದೇಶವೊಂದು ತಮ್ಮ ತಲೆಯ ಮೇಲೆ ಹಾರಿಹೋದ ಅವಮಾನ. ಎರಡೂ ನಿಜ.

ಇಂಥ ಹೊತ್ತಿನಲ್ಲಿ ಜುಲೈ 30ರ ಬೆಳಿಗ್ಗೆ ಅಧ್ಯಕ್ಷರ ಮನೆಯ ಮುಂದೆ ಗೌರವ ವಂದನೆ. ವಿಜಿತ ರೋಹಣ ಅನ್ನುವ ಇಪ್ಪತ್ತರ ಆಸುಪಾಸಿನ ನಾವಿಕ ಸಾಲಿನಲ್ಲಿದ್ದ. ಕಣ್ಣಂಚಿನಲ್ಲಿ ಏನೋ ಅಲುಗಾಡಿದಂತೆ ಕಂಡು ತಾನು ಸ್ವಲ್ಪ ಬಗ್ಗಿದೆ ಅಂತ ರಾಜೀವ್ ಆಮೇಲೆ ಪತ್ರಕರ್ತರಿಗೆ ಹೇಳಿದರು. ಬಗ್ಗಿದ್ದಕ್ಕೆ ತಲೆ ಉಳಿಯಿತು. ಪೆಟ್ಟು ಎಡಗಿವಿಯ ಕೆಳಗೆ, ಹೆಗಲ ಮೇಲೆ ಬಿತ್ತು. ಸುತ್ತಲಿನವರು ಹುಡುಗನನ್ನು ಕೆಡವಿ ಹಿಡಿದರು. ಕೊಲ್ಲುವ ಉದ್ದೇಶದಿಂದಲೇ ಹೊಡೆದೆ ಅಂತ ಅವನು ಮುಂದೆ ತಾನೇ ಹೇಳಿಕೊಂಡ.

"ತಲಿಗೆ ಬಿದ್ದಿದ್ರ ಮುಗದಿತ್ತು," ಅಂದರು ಅಪ್ಪ ಮೊಬೈಲ್ ಕೆಳಗಿಟ್ಟು. "ಆ ಬಂದೂಕಿನ ತೂಕ ಎಷ್ಟು ಅಂತ ನನಗ ಗೊತ್ತದ."

ಅಪ್ಪನನ್ನು ಕಾಡುವುದು ಆ ಹೊಡೆತ ಮಾತ್ರ ಅಲ್ಲ. ಅದೇ ದಿನ, ಹೆಚ್ಚು ಕಡಿಮೆ ಅದೇ ಹೊತ್ತಿನಲ್ಲಿ, ನಮ್ಮ ಸೈನಿಕರ ಮೊದಲ ತಂಡಗಳು ಜಾಫ್ನಾದ ಪಲಾಲಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಪ್ರಧಾನಿಯ ಮೇಲೇ ಬಂದೂಕು ಎತ್ತುವ ದೇಶಕ್ಕೆ ಶಾಂತಿ ಕಾಯಲು ಹೋಗುತ್ತಿದ್ದೇವೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಕೆಲವು ದಿನದ ಮೇಲೆ ಅಪ್ಪನ ತಂಡ ಇಳಿದಾಗಲೂ ಸುದ್ದಿ ಬಾಯಿಂದ ಬಾಯಿಗೆ ಅರೆಬರೆಯಾಗಿ ಬಂದಿತ್ತಂತೆ. ತಾವು ಇಳಿದ ವಿಮಾನಕ್ಕೇ ಶ್ರೀಲಂಕಾದ ಸೈನಿಕರು ಹತ್ತಿದರು ಅನ್ನುತ್ತಾರೆ ಅಪ್ಪ. ಕೊಲಂಬೊದ ಗಲಭೆ ಅಡಗಿಸಲು ಅವರನ್ನು ದಕ್ಷಿಣಕ್ಕೆ ಕಳಿಸುತ್ತಿದ್ದರು. ಇಳಿಯುವವರು, ಹತ್ತುವವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಮಾತಾಡಲಿಲ್ಲ.

ಜಾಫ್ನಾದ ಜನ ಮಾತ್ರ ಹಾರ ಹಾಕಿದರು. ಎಳನೀರು ಕೊಟ್ಟರು. ಒಬ್ಬ ಮುದುಕಿ ಅಪ್ಪನ ಎರಡೂ ಕೈ ಹಿಡಿದು ಅತ್ತಳಂತೆ. ಅಪ್ಪನಿಗೆ ತಮಿಳು ಬರದು. ಆದರೆ "ಕನ್ನಡದಾಂಗ ಎಲ್ಲೋ ಒಂದೊಂದು ಮಾತು ತಿಳೀತಿತ್ತು" ಅಂತ ಮೊದಲ ಕಾಗದದಲ್ಲಿ ಬರೆದಿದ್ದರು. ನೀರು, ಮನೆ, ಊರು. ಆ ಕಾಗದವನ್ನು ಅವ್ವ ನನ್ನಿಂದ ಮೂರು ಸಲ ಓದಿಸಿದಳು.

ಕೊಲಂಬೊದಲ್ಲಿ ಇನ್ನೊಂದು ದಾಳಿ ಆದದ್ದು ಬಹಳ ಜನಕ್ಕೆ ನೆನಪಿಲ್ಲ. ಆಗಸ್ಟ್ 18. ಸಂಸತ್ ಭವನದ ಒಂದು ಕೋಣೆಯಲ್ಲಿ ಆಡಳಿತ ಪಕ್ಷದ ಸಭೆ. ಜಯವರ್ಧನೆ ಮತ್ತು ಪ್ರೇಮದಾಸ ಇಬ್ಬರೂ ಇದ್ದರು. ಯಾರೋ ಎರಡು ಗ್ರೆನೇಡ್ ಒಳಗೆ ಎಸೆದರು. ಜಯವರ್ಧನೆಗೆ ಏನೂ ಆಗಲಿಲ್ಲ. ಕೀರ್ತಿ ಅಬೇವಿಕ್ರಮ ಅನ್ನುವ ಸಂಸದ ಸತ್ತರು. ಒಬ್ಬ ಅಧಿಕಾರಿಯೂ ಸತ್ತರು. ಅತುಲತ್‌ಮುದಲಿಗೆ ತೀರಾ ಗಾಯವಾಯಿತು. ಒಪ್ಪಂದವನ್ನು ವಿರೋಧಿಸಿದವರಿಗೇ ಒಪ್ಪಂದದ ವಿರೋಧಿಗಳ ಬಾಂಬಿನ ಪೆಟ್ಟು. ಹೊರಗಿನ ಅತಿಥಿಗೆ ಮೊದಲ ಹೊಡೆತ, ಮನೆಯ ಯಜಮಾನನಿಗೆ ಎರಡನೆಯದು. ಸಹಿ ಹಾಕಿದ ಇಬ್ಬರೂ ಮೂರು ವಾರದೊಳಗೆ ಸಾವಿನಿಂದ ಕೂದಲೆಳೆಯಲ್ಲಿ ಪಾರಾಗಿದ್ದರು. ಅಲ್ಲಿಗಾದರೂ ದೆಹಲಿಯಲ್ಲಿ ಯಾರಾದರೂ ಕೂತು ಯೋಚಿಸಬೇಕಿತ್ತು, ಅಲ್ವಾ? ಇದು ತಲೆಕೆಟ್ಟ ಒಬ್ಬ ಹುಡುಗನ ಕೆಲಸ ಅಂತ ಕೈಬಿಡುವ ವಿಷಯ ಆಗಿರಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ.

ಮುಂದಿನದ್ದು ಬೇಗ ಹೇಳುತ್ತೇನೆ. ಸೆಪ್ಟೆಂಬರ್ 15ರಂದು ಎಲ್‌ಟಿಟಿಇಯ ತಿಲೀಪನ್ ನಲ್ಲೂರಿನ ದೇವಸ್ಥಾನದ ಹತ್ತಿರ ಉಪವಾಸಕ್ಕೆ ಕೂತ. ಭಾರತ ಕೊಟ್ಟ ಮಾತು ಉಳಿಸಿಕೊಳ್ಳಲಿ ಅಂತ. ನೀರನ್ನೂ ಮುಟ್ಟಲಿಲ್ಲ. 26ಕ್ಕೆ ಸತ್ತ. ಹಾರ ಹಾಕಿದ ಕೈಗಳು ಆ ವಾರ ಕಲ್ಲು ಎತ್ತಿಕೊಂಡವು ಅಂತ ಅಪ್ಪ ಹೇಳುತ್ತಾರೆ. ಅಕ್ಟೋಬರ್ ಮೊದಲ ವಾರ ಶ್ರೀಲಂಕಾದ ನೌಕಾಪಡೆ ಸಮುದ್ರದಲ್ಲಿ 17 ಜನ ಎಲ್‌ಟಿಟಿಇಯವರನ್ನು ಹಿಡಿಯಿತು. ಅವರನ್ನು ಕೊಲಂಬೊಕ್ಕೆ ಒಯ್ಯುವ ತಯಾರಿ ನಡೆದಾಗ ಪಲಾಲಿಯಲ್ಲೇ ಸೈನೈಡ್ ನುಂಗಿದರು. 12 ಜನ ಸತ್ತರು. ಅಲ್ಲಿಗೆ ಎಲ್ಲ ಮುಗಿಯಿತು. ಆ ತಿಂಗಳು ಜಾಫ್ನಾದಲ್ಲಿ ನಮ್ಮವರೇ ಎಲ್‌ಟಿಟಿಇ ಜೊತೆ ಯುದ್ಧ ಮಾಡುತ್ತಿದ್ದರು, ಯಾರನ್ನು ಕಾಯಲು ಹೋಗಿದ್ದರೋ ಅವರ ಬೀದಿಗಳಲ್ಲಿ.

ಆ ವರ್ಷದ ದೀಪಾವಳಿ ಆ ಕದನದ ನಡುವೆಯೇ ಬಂತು. ಐದು ವಾರ ಅಪ್ಪನ ಕಾಗದ ಇರಲಿಲ್ಲ. ಅವ್ವ ದಿನಾ ಅಂಚೆಯವನ ಸೈಕಲ್ ಬರುವ ಹೊತ್ತಿಗೆ ಬಾಗಿಲ ಕಸ ಗುಡಿಸುತ್ತಿದ್ದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು. ಅವನು ದೂರದಿಂದಲೇ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದ. ಪಾಂಡವರನ್ನು ಇಟ್ಟೆವು, ದೀಪ ಹಚ್ಚಿದೆವು. ಪಟಾಕಿ ಬೇಡ ಅಂತ ನನಗೆ ಯಾರೂ ಹೇಳಲಿಲ್ಲ. ನಾನೇ ಕೇಳಲಿಲ್ಲ. ಕಾಗದ ಬಂದಾಗ ಅಕ್ಷರ ಅಪ್ಪನದಾಗಿರಲಿಲ್ಲ. ನೆಲಬಾಂಬಿನ ಸದ್ದಿಗೆ ಎಡಗಿವಿ ಹೋಗಿದೆ, ಕೈಗೆ ಪಟ್ಟಿ ಕಟ್ಟಿದ್ದಾರೆ, ಬೇರೆ ಏನೂ ಇಲ್ಲ ಅಂತ ಯಾರಿಂದಲೋ ಬರೆಸಿದ್ದರು. ಅಪ್ಪನ ಸೆಕ್ಷನ್ನಿನ ಮೂವರು ಆ ದಿನ ಸತ್ತದ್ದನ್ನು ಬರೆಸಿರಲಿಲ್ಲ.

ಐಪಿಕೆಎಫ್, ಅಂದರೆ ಶಾಂತಿ ಕಾಯಲು ಹೋದ ನಮ್ಮ ಸೈನ್ಯದ ಕೊನೆಯ ತುಕಡಿ 1990ರ ಮಾರ್ಚ್ 24ರಂದು ತ್ರಿಂಕೋಮಲೈಯಿಂದ ಹಡಗು ಹತ್ತಿತು. ಸುಮಾರು 1,200 ಜನ ಹಿಂದಿರುಗಲಿಲ್ಲ. ಹೊರಡಿ ಅಂತ ಗಡುವು ಕೊಟ್ಟದ್ದು ಅದೇ ಪ್ರೇಮದಾಸ. ಅಷ್ಟರಲ್ಲಿ ಅವರು ಅಧ್ಯಕ್ಷರಾಗಿದ್ದರು. ಕೋರ್ಟ್ ಮಾರ್ಷಲ್‌ನಲ್ಲಿ ಆರು ವರ್ಷ ಶಿಕ್ಷೆಯಾಗಿದ್ದ ವಿಜಿತ ರೋಹಣನನ್ನು ಎರಡೂವರೆ ವರ್ಷಕ್ಕೇ ಕ್ಷಮಿಸಿ ಬಿಟ್ಟದ್ದೂ ಅವರೇ. ಅವನು ಮುಂದೆ ಚುನಾವಣೆಗೆ ನಿಂತ. ಜ್ಯೋತಿಷಿಯಾದ. 2017ರಲ್ಲಿ ಅಧ್ಯಕ್ಷ ಸಿರಿಸೇನ ಇಂಥ ದಿನದೊಳಗೆ ಸಾಯುತ್ತಾರೆ ಅಂತ ಭವಿಷ್ಯ ಹೇಳಿ ಮತ್ತೆ ಪೊಲೀಸರ ಕೈಗೆ ಸಿಕ್ಕ. ಈ ಸುದ್ದಿ ಓದಿದ ದಿನ ನನಗೆ ತುಂಬಾ ಸಿಟ್ಟು ಬಂದಿತ್ತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಅದಾನ?" ಅಂತಷ್ಟೇ ಕೇಳಿದರು.

ನನ್ನ ಸಿಟ್ಟು ಇಳಿದದ್ದು ಕೊಲಂಬೊಗೆ ಹೋದಾಗ. ಯಜಮಾನರ ಕಚೇರಿ ಕೆಲಸಕ್ಕೆ ನಾನೂ ಜೊತೆಗೆ ಹೋಗಿದ್ದೆ. ಅವರು ಕೆಲಸಕ್ಕೆ ಹೋದ ಮೇಲೆ ಒಂದು ಆಟೊ ಹಿಡಿದೆ. ಅಲ್ಲಿ ತ್ರೀವೀಲರ್ ಅನ್ನುತ್ತಾರೆ. ಓಡಿಸುವವರು ಅರವತ್ತರ ಹತ್ತಿರದ ಸಿಂಹಳೀಯರು, ಮಾತರ ಕಡೆಯವರು. ಗಾಲ್ ಫೇಸ್‌ನ ಸಮುದ್ರದ ದಂಡೆ ದಾಟಿ ಕೋಟೆಯ ಕಡೆ ಹೋಗುವಾಗ, ಅಧ್ಯಕ್ಷರ ಮನೆ ಎಲ್ಲಿ ಅಂತ ಕೇಳಿದೆ. ಯಾಕೆ ಅಂದರು. ಹೇಳಿದೆ. ಅಪ್ಪ ಪೌಜಿನಲ್ಲಿದ್ದರು, ನಿಮ್ಮ ದೇಶಕ್ಕೆ ಬಂದಿದ್ದರು ಅಂತಲೂ ಹೇಳಿಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಅವರು ಆಟೊ ಪಕ್ಕಕ್ಕೆ ನಿಲ್ಲಿಸಿದರು. ಆ ಹೊಡೆತ ಆದ ದಿನ ಅವರ ಕಾಲೇಜಿನ ಹುಡುಗರೆಲ್ಲ ಕುಣಿದಿದ್ದರಂತೆ. ಅವರ ಅಣ್ಣನೂ ಕುಣಿದಿದ್ದ. ಆ ಅಣ್ಣ ಆಮೇಲೆ ಜನತಾ ವಿಮುಕ್ತಿ ಪೆರಮುನ ಸೇರಿದ. ಒಪ್ಪಂದದ ವಿರುದ್ಧ, ಸರ್ಕಾರದ ವಿರುದ್ಧ ಅವರು ಆಯುಧ ಹಿಡಿದಿದ್ದ ಕಾಲ ಅದು. ನಮ್ಮ ಸೈನ್ಯ ಉತ್ತರದಲ್ಲಿದ್ದ ಆ ಎರಡು ಮೂರು ವರ್ಷಗಳಲ್ಲೇ ದಕ್ಷಿಣದಲ್ಲಿ ಹತ್ತಾರು ಸಾವಿರ ಜನ ಸತ್ತರು, ಕಾಣೆಯಾದರು. 1989ರಲ್ಲಿ ಒಂದು ರಾತ್ರಿ ಅಣ್ಣನನ್ನು ಮನೆಯಿಂದ ಕರೆದುಕೊಂಡು ಹೋದರು. ಅವನು ಬರಲಿಲ್ಲ. "ನಮ್ಮಮ್ಮ ಸಾಯುವವರೆಗೂ ಅವನ ತಟ್ಟೆ ತೊಳೆದು ಇಡುತ್ತಿದ್ದರು," ಅಂದರು.

ನನಗೆ ಅವ್ವ ಅಂಗಳ ಗುಡಿಸುತ್ತಿದ್ದದ್ದು ಕಣ್ಮುಂದೆ ಬಂತು. ಅವರಿಗೆ ಅದನ್ನು ಹೇಳಿದೆ. ನನ್ನ ಇಂಗ್ಲಿಷ್, ಅವರ ಇಂಗ್ಲಿಷ್ ಎರಡೂ ಅಷ್ಟಕ್ಕಷ್ಟೇ. ಆದರೂ ಅವರಿಗೆ ಅರ್ಥವಾಯಿತು.

ಆ ಸಂಸತ್ತಿನ ಕೋಣೆಯಲ್ಲಿ ಬದುಕಿ ಉಳಿದವರಲ್ಲೂ ಇಬ್ಬರು ಹೆಚ್ಚು ದಿನ ಉಳಿಯಲಿಲ್ಲ. ಅತುಲತ್‌ಮುದಲಿಯನ್ನು 1993ರ ಏಪ್ರಿಲ್ 23ರಂದು ಗುಂಡು ಹೊಡೆದು ಕೊಂದರು. ಎಂಟೇ ದಿನದಲ್ಲಿ, ಮೇ 1ಕ್ಕೆ, ಪ್ರೇಮದಾಸ ಬಾಂಬಿಗೆ ಸತ್ತರು. ರಾಜೀವ್ ಅದಕ್ಕೂ ಮೊದಲೇ, 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ಹೋಗಿದ್ದರು. ಮೊದಲು ಹೊಡೆದದ್ದು ಸಿಂಹಳೀಯ ಹುಡುಗ, ಕೊನೆಗೆ ಕೊಂದದ್ದು ಎಲ್‌ಟಿಟಿಇ. ಜಾಮೀನು ನಿಂತವರ ಮೇಲೆ ಇಬ್ಬರಿಗೂ ಸಿಟ್ಟು ಅಂತ ಅಪ್ಪ ಹೇಳುವುದು ಇದನ್ನೇ. ಆ ಕೊಲೆಯ ಜಾಡು ಹಿಡಿದ ಪೊಲೀಸರು ಬಂದು ನಿಂತದ್ದು ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯ ಮುಂದೆ. ಆಗಸ್ಟ್ 20ರ ಬೆಳಿಗ್ಗೆ ಒಳಗೆ ನುಗ್ಗಿದಾಗ ಕೊಲೆಯ ಸಂಚು ನಡೆಸಿದ ಶಿವರಾಸನ್, ಅವನ ಜೊತೆಗಾರ್ತಿ ಶುಭಾ ಸೇರಿ ಏಳೂ ಜನ ಸತ್ತು ಬಿದ್ದಿದ್ದರು. ಅವತ್ತು ರಾಜೀವ್ ಹುಟ್ಟಿದ ದಿನ. ನಾನೀಗ ದಿನಾ ಮೆಟ್ರೊ ಹತ್ತುವುದು ಕೋಣನಕುಂಟೆ ಕ್ರಾಸ್‌ನಲ್ಲಿ. ಅಪ್ಪ ಬೆಂಗಳೂರಿಗೆ ಬಂದಾಗ ಆ ಹೆಸರು ಮೈಕಿನಲ್ಲಿ ಕೇಳಿದರೆ ಕಿಟಕಿಯ ಹೊರಗೆ ನೋಡುತ್ತಾ ಕೂತುಬಿಡುತ್ತಾರೆ.

ಕೊಲಂಬೊದಲ್ಲಿ ಆ ಆಟೊದವರೇ ನನ್ನನ್ನು ಐಪಿಕೆಎಫ್ ಸ್ಮಾರಕಕ್ಕೂ ಕರೆದುಕೊಂಡು ಹೋದರು. ಅದು ಪಕ್ಕದ ಶ್ರೀ ಜಯವರ್ಧನಪುರ ಕೋಟೆ ಅನ್ನುವ ಊರಿನಲ್ಲಿದೆ. ಗ್ರೆನೇಡ್ ಬಿದ್ದ ಆ ಸಂಸತ್ ಭವನದಿಂದ ಜಾಸ್ತಿ ದೂರ ಇಲ್ಲ. ಕಪ್ಪು ಕಲ್ಲಿನ ಮೇಲೆ ಹೆಸರುಗಳು. ಹೋಗುವ ಮೊದಲು ಅಪ್ಪನಿಗೆ ಫೋನ್ ಮಾಡಿದ್ದೆ. ಮೂರು ಹೆಸರು ಹೇಳಿ, ಇರ್ತಾವೇನ ನೋಡು ಅಂದಿದ್ದರು. ಹೊಟ್ಟೆಹೊರೆಯಲು ಪೌಜಿಗೆ ಸೇರಿದ ಬೆಳಗಾವಿ, ಕೊಲ್ಹಾಪುರ ಕಡೆಯ ಹುಡುಗರು. ಎರಡು ಹೆಸರು ಬೇಗ ಸಿಕ್ಕವು. ಮೂರನೆಯದಕ್ಕೆ ಬಿಸಿಲಿನಲ್ಲಿ ಅರ್ಧ ಗಂಟೆ ಹುಡುಕಿದೆ. ಆಟೊದವರೂ ನನ್ನ ಜೊತೆ ಬೆರಳಿಟ್ಟು ಸಾಲು ಸಾಲು ಹುಡುಕಿದರು. ಸಿಕ್ಕಿದ್ದು ಅವರಿಗೇ.

ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಸಂಜೆಯವರೆಗೂ ಉತ್ತರ ಬರಲಿಲ್ಲ. ರಾತ್ರಿ ಅವ್ವ ಫೋನ್ ಮಾಡಿ, "ಏನ್ ಕಳಿಸಿದ್ಯ? ಮಧ್ಯಾಹ್ನದಿಂದ ಊಟಾ ಮಾಡಿಲ್ಲ. ಫೋನ್ ಹಿಡಕೊಂಡ ಕುಂತಾರ," ಅಂದಳು. ಅಪ್ಪನಿಗೆ ಕೊಡು ಅಂದೆ.

"ಸಿಕ್ತಲ್ಲ ಯವ್ವಾ," ಅಂದರು. "ಯಾರು ಹುಡಿಕಿದ್ರು ಮೂರನೇದು?"

ಹೇಳಿದೆ.

"ಆ ಅಣ್ಣಾವ್ರಿಗೆ ಏನರ ಕೊಟ್ಟಿ?"

ಬೆಂಗಳೂರಿನಿಂದ ಒಯ್ದಿದ್ದ ಒಂದು ಡಬ್ಬಿ ಬೆಳಗಾವಿ ಕುಂದಾ ಕೊಟ್ಟೆ ಅಂತ ಹೇಳಿದೆ. ಅಪ್ಪ ಹೂಂ ಅಂದರು. ಆಮೇಲೆ ಅವ್ವನಿಗೆ ರೊಟ್ಟಿ ಹಚ್ಚು ಅಂತ ಹೇಳಿದ್ದು ಕೇಳಿಸಿತು.